ಸೊಂಟನೋವಿನ ಚೀಟಿ

"ಲೇ ರುಮೇನಿಯಾದ ಮುಂಡೆ, ನಿದ್ದೆ ಹೊಡಿಯಾಕೆ ಇಲ್ಲೀಗಂಟ ಬಂದ್ಯಾ?"

ಧಣಿ ನುನ್ಸಿಯೊ ಬೂಟುಗಾಲಿನಿಂದ ಟೊಮೇಟೊ ಕ್ರೇಟನ್ನು ಒದ್ದ. ಹಣ್ಣುಗಳು ಮಣ್ಣಿಗೆ ಉರುಳಿದವು. ಸಾಫ್ತಾ ನಿದ್ದೆ ಮಾಡುತ್ತಿರಲಿಲ್ಲ. ಬಗ್ಗಿದವಳಿಗೆ ಮೇಲೇಳಲು ಆಗಿರಲಿಲ್ಲ, ಅಷ್ಟೇ. ಅಲ್ಲಿನ ಬೇಸಿಗೆ ಇನ್ನೂ ದೂರವಿದ್ದರೂ ಪ್ಲಾಸ್ಟಿಕ್ ಚಪ್ಪರದೊಳಗೆ ಏಪ್ರಿಲಿನಲ್ಲೇ ಉಸಿರು ಕಟ್ಟುವ ಸೆಕೆ. ಪಕ್ಕದ ಸಾಲಿನ ಹೆಂಗಸರು ತಲೆ ಎತ್ತಲಿಲ್ಲ.

"ಹನ್ನೆರಡಕ್ಕೆ ಗೋದಾಮಿಗೆ ಬಾ," ಎಂದ ಅವನು. ಹೊರಟವನು ತಿರುಗಿ ನಿಂತ. "ನಿನ್ ದೊಡ್ಡ ಮಗಳಿಗೆ ಹದಿನೆಂಟಾಯ್ತಂತಲ್ಲ. ಬೇಸಿಗೆಗೆ ಊರಿಂದ ಕರೆಸ್ಕೊ. ಕೆಲ್ಸ ಕೊಡ್ತೀನಿ."

ಗೋದಾಮಿಗೆ ಯಾಕೆ ಎನ್ನುವುದು ಇಟಲಿಯ ಸಿಸಿಲಿ ದ್ವೀಪದ ಆ ಹೊಲದಲ್ಲಿ ಎಲ್ಲರಿಗೂ ಗೊತ್ತಿತ್ತು. ಮೂರು ವರ್ಷದ ಹಿಂದೆ ಮೊದಲ ಸಲ ಸಾಫ್ತಾ ಬೇಡ ಅಂದಿದ್ದಳು, ಅವನ ಕೈ ಕಚ್ಚಿದ್ದಳು. ಅವನು ಕೆನ್ನೆಗೆ ಬಾರಿಸಿ, ಅವಳು ಮಲಗುವ ಶೆಡ್ಡೂ ತನ್ನದೇ ಎಂದು ನೆನಪಿಸಿದ್ದ.

ಅದಾದ ಮೇಲೆ ನಿದ್ದೆ ಹಾರಿಹೋಯಿತು. ಹಿಂದೆ ಹೆಜ್ಜೆ ಸಪ್ಪಳವಾದರೆ ಮೈ ಬೆವರುತ್ತಿತ್ತು. ಸೊಂಟ ಹಿಡಿದುಕೊಂಡಿತೆಂದು ಡಾಕ್ಟರ ಬಳಿ ಹೋದಳು. ಆತ ಮುಖ ನೋಡದೆ ನೋವಿನ ಗುಳಿಗೆ ಬರೆದ. ಗುಳಿಗೆಗೆ ಸೊಂಟ ಸಡಿಲವಾಯಿತು. ಜೊತೆಗೆ ಇನ್ನೊಂದೂ ಆಯಿತು: ಗೋದಾಮಿನ ಚೀಲಗಳ ಮೇಲೆ ಬಿದ್ದಿದ್ದ ದೇಹ ಬೇರೆ ಯಾರದ್ದೋ ಅನಿಸಿತು. ಅಷ್ಟು ಸಿಕ್ಕರೆ ಸಾಕಿತ್ತು ಅವಳಿಗೆ. ಒಂದು ಎರಡಾಯಿತು, ಎರಡು ಎಂಟಾಯಿತು. ತಪ್ಪಿದ ದಿನ ಮೂಳೆಯೊಳಗೆ ಇರುವೆ ಹರಿದಂತಾಗುತ್ತಿತ್ತು.

ಒಮ್ಮೆ ಡಾಕ್ಟರಿಗೆ ಹೇಳಿಯೂ ಹೇಳಿದಳು, ನೋವು ಸೊಂಟದ್ದಲ್ಲ ಅಂತ, ಧಣಿಯ ಹೆಸರಿನ ಸಮೇತ. ಆತ ಪೆನ್ನು ನಿಲ್ಲಿಸಿ ಕಿಟಕಿಯಾಚೆ ನೋಡಿದ. ಆಮೇಲೆ ಚೀಟಿಯಲ್ಲಿ ಮತ್ತೆ ಸೊಂಟನೋವು ಎಂದೇ ಬರೆದ. ಗುಳಿಗೆ ಮಾತ್ರ ಹೆಚ್ಚು ಬಲದ್ದು.

ಇವತ್ತು ಹನ್ನೆರಡಕ್ಕೆ ಸಾಫ್ತಾ ಕತ್ತರಿ ಕೆಳಗಿಟ್ಟು ಠಾಣೆಯ ದಾರಿ ಹಿಡಿದಳು. ಪಕ್ಕದ ಸಾಲಿನ ಅಗ್ಲಾಯಾ ಕೂಡ ರುಮೇನಿಯಾದವಳೇ, ಅರವತ್ತರ ಹೆಂಗಸು, ಇಲ್ಲಿಯ ಭಾಷೆ ಚೆನ್ನಾಗಿ ಬಲ್ಲವಳು, ಓಡಿ ಬಂದು ಅಡ್ಡ ನಿಂತಳು.

"ಎಲ್ಲಿಗೆ ಹೋಗ್ತೀಯ ಮಗಾ? ಆ ಪೊಲೀಸಪ್ಪ ಭಾನುವಾರ ಉಣ್ಣೋದೇ ಇವನ ಮನೇಲಿ."

"ನನ್ ಮಗಳ ಹೆಸರೆತ್ತಿದ ಅಕ್ಕಾ."

ಅಗ್ಲಾಯಾ ದಾರಿ ಬಿಟ್ಟು ಸರಿದಳು. ಕೈಗವಸು ಕಳಚಿ ಜೊತೆಗೆ ನಡೆದಳು.

ಠಾಣೆಯಲ್ಲಿ ಅಧಿಕಾರಿ ಅಗ್ಲಾಯಾಳ ಮೂಲಕ ಎಲ್ಲ ಕೇಳಿಸಿಕೊಂಡ. ಔಷಧಿ ಏನಾದರೂ ತಗೊಳ್ಳುತ್ತೀಯಾ ಎಂದ. ಸಾಫ್ತಾ ಗುಳಿಗೆಯ ಪಟ್ಟಿಯನ್ನು ಮೇಜಿನ ಮೇಲಿಟ್ಟಳು.

"ಇವತ್ತು ಎಷ್ಟು ನುಂಗಿದೀಯ?"

"ಆರು."

"ಆರು ನುಂಗಿರೋಳಿಗೆ ನಿಜ ಯಾವ್ದು, ಕನಸು ಯಾವ್ದು, ತಿಳೀತದಾ?"

ಡಾಕ್ಟರಿಗೆ ಫೋನು ಹೋಯಿತು. ಮೂರು ವರ್ಷದಿಂದ ಸೊಂಟನೋವು, ಬೇರೇನೂ ಇಲ್ಲ, ಗುಳಿಗೆ ಸಾಲದು ಎಂದು ಪೀಡಿಸುತ್ತಾಳೆ ಎಂದನಂತೆ ಆತ. ಅಧಿಕಾರಿ ಹೇಳಿಕೆ ಬರೆದು ಓದಿದ: ಗುಳಿಗೆಯ ಚಟಕ್ಕೆ ಬಿದ್ದ ಕೂಲಿ ಹೆಂಗಸು, ಮಾತಿಗೆ ಮಾತು ತಾಳೆಯಾಗುವುದಿಲ್ಲ. ಅದನ್ನು ಅಗ್ಲಾಯಾ ತಮ್ಮ ಭಾಷೆಗೆ ತಿರುಗಿಸಿ ಹೇಳಿದಳು. ಕೆಳಗೆ ರುಜು ಹಾಕಬೇಕಿತ್ತು.

ರುಜುವಿನ ಜಾಗದಲ್ಲಿ ಸಾಫ್ತಾ ತನ್ನ ಭಾಷೆಯಲ್ಲಿ ಎರಡು ಸಾಲು ಬರೆದಳು. ಅಧಿಕಾರಿ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿ, ಏನಿದು ಎಂದ. ಅಗ್ಲಾಯಾ ಓದಿದಳು.

"ನಾನು ಬೇಡ ಅಂದೆ. ಗುಳಿಗೆ ನುಂಗೋಕೆ ಮುಂಚೆ ಅಂದೆ, ನುಂಗಿದ್ಮೇಲೂ ಅಂದೆ."

ಅವನು ಹಾಳೆ ಹರಿದ. ಇನ್ನೊಂದು ಪ್ರತಿ ತೆಗೆದುಕೊಟ್ಟ. ಅವಳು ಅದರ ಮೇಲೂ ಅದನ್ನೇ ಬರೆದಳು. ಅದನ್ನೂ ಹರಿದ, ಮೂರನೆಯದನ್ನೂ, ನಾಲ್ಕನೆಯದನ್ನೂ. ಐದು ಗಂಟೆಯ ಹೊತ್ತಿಗೆ ಗುಳಿಗೆಯ ಅಮಲಿಳಿದು ಸಾಫ್ತಾಳ ಮೈಯೆಲ್ಲ ನಡುಗುತ್ತಿತ್ತು, ಮೂಗು ಸೋರುತ್ತಿತ್ತು. ಅಧಿಕಾರಿ ಗುಳಿಗೆಯ ಪಟ್ಟಿಯನ್ನು ಬೆರಳಿನಿಂದ ಅವಳತ್ತ ತಳ್ಳಿದ.

"ನುಂಗು. ಆಮೇಲೆ ಸಮಾಧಾನವಾಗಿ ರುಜು ಹಾಕು."

ಅವಳು ಗುಳಿಗೆ ಮುಟ್ಟದೆ ಪೆನ್ನು ಎತ್ತಿಕೊಂಡು ಅದೇ ಎರಡು ಸಾಲು ಬರೆದಳು. ಐದನೆಯ ಹಾಳೆಯ ಮೇಲೆ ಬಿದ್ದ ಅಕ್ಷರಗಳನ್ನು ಅವಳಿಗೇ ಓದಲಾಗಲಿಲ್ಲ. ಹೊರಗೆ ಅಂಗಳದಲ್ಲಿ ಧಣಿಯ ಕಾರು ಬಂದು ನಿಂತಿತು. ಅಧಿಕಾರಿ ಎದ್ದು ಅಂಗಿ ಸರಿಮಾಡಿಕೊಂಡು ಬಾಗಿಲು ತೆರೆಯಲು ಹೋದ.