ಅಕ್ಕನ ಲಾರಿಯ ಕೆಂಪೆಣ್ಣೆ

"ನಿದ್ದೆ ಬಂತೇನೋ ಪುಟ್ಟ, ಒಳಗೆ?"

ಗ್ಯಾರೇಜಿನ ಗುಂಡಿಯ ಅಂಚಿಗೆ ಸ್ಟೂಲು ಎಳೆದುಕೊಂಡು ಕೂತಿದ್ದ ಅಕ್ಕ ಬಗ್ಗಿ ನೋಡಿದಳು. ಲಾರಿಯ ಹೊಟ್ಟೆಯ ಕೆಳಗೆ ಮೆಕ್ಯಾನಿಕ್ ಸ್ಪ್ಯಾನರ್ ಹಿಡಿದು ನಿಂತು ಕಾಲು ಗಂಟೆಯಾಗಿತ್ತು. ಇನ್ನೂ ಒಂದು ಬೋಲ್ಟನ್ನೂ ಮುಟ್ಟಿರಲಿಲ್ಲ.

"ಎಣ್ಣೆ ಸ್ವಲ್ಪ ಆರಲಿ ಅಂತ," ಎಂದ.

"ಬಿಸಿ ಇರುವಾಗಲೇ ಇಳಿಸಬೇಕು, ಬೇಗ ಬಾ ಅಂದೋನು ನೀನೇ."

"ಬಿಸಿ ಅಂದ್ರೆ ಕೈ ಬೇಯೋವಷ್ಟಲ್ಲ."

ಐವತ್ತನಾಲ್ಕು ವರ್ಷದ ಅವನನ್ನು ಪುಟ್ಟ ಎಂದು ಕರೆಯುವ ಧೈರ್ಯ ಆ ಬೀದಿಯಲ್ಲಿ ಅವನ ಒಡಹುಟ್ಟಿದ ಅಕ್ಕನಿಗೆ ಮಾತ್ರ ಇತ್ತು. ಉಳಿದವರಿಗೆಲ್ಲ ಅವನು ಕಿವಿ ಮೆಕ್ಯಾನಿಕ್. ಗಾಡಿ ತಿರುವು ದಾಟಿ ಬರುವಷ್ಟರಲ್ಲಿ, ತಲೆ ಎತ್ತದೆಯೇ, ಯಾವ ಬೇರಿಂಗು ಸವೆದಿದೆ, ಯಾವ ಗೇರಿನ ಹಲ್ಲು ಮುರಿದಿದೆ ಎಂದು ಹೇಳಿಬಿಡುತ್ತಿದ್ದ. ಪುಸ್ತಕ ನೋಡಿ ಕೆಲಸ ಮಾಡುವವನು ಮೆಕ್ಯಾನಿಕ್ಕೇ ಅಲ್ಲ ಅನ್ನುವುದು ಅವನ ಮಾತು. ಆದರೆ ಅಕ್ಕನ ಈ ಲಾರಿ ಕ್ಲಚ್ಚೇ ಇಲ್ಲದೆ ತಾನೇ ಗೇರು ಬದಲಾಯಿಸಿಕೊಳ್ಳುವ ಜಾತಿಯದು. ಅದರ ಗೇರುಪೆಟ್ಟಿಗೆ ಎದುರಿಗೆ ಕೂತ ಮೂಗನ ಹಾಗೆ ಸುಮ್ಮನಿರುತ್ತಿತ್ತು. ಎಷ್ಟು ಕಿವಿಗೊಟ್ಟರೂ ಒಂದು ಸುಳಿವು ಸಿಗುತ್ತಿರಲಿಲ್ಲ.

ಅಕ್ಕ ಮೂವತ್ತು ವರ್ಷ ಕ್ಲಚ್ಚು ತುಳಿದು ಎಡ ಮೊಣಕಾಲು ಸವೆಸಿಕೊಂಡವಳು. ಇನ್ನು ಆ ಕಾಲಿಗೆ ಪೆಡಲ್ ತೋರಿಸಬೇಡಿ ಎಂದು ಡಾಕ್ಟರು ಹೇಳಿದ ಮೇಲೆ ಹುಡುಕಾಡಿ ಈ ಗಾಡಿ ತಂದಿದ್ದಳು. ನಾಲ್ಕು ವರ್ಷದಿಂದ ನೆಲದ ಟೈಲ್ಸ್ ಹೇರಿಕೊಂಡು ಓಡುತ್ತಿದ್ದಳು. ಪ್ರತಿ ಸರ್ವಿಸಿನಲ್ಲೂ ಅವಳು ಕೇಳುವಳು: "ಗೇರೆಣ್ಣೆ ಬದಲಾಯಿಸೋದು ಬೇಡವೇನೋ?" ಅವನು ಎಣ್ಣೆಯ ಮಟ್ಟ ಅಳೆಯುವ ಕಡ್ಡಿ ಎಳೆದು ನೋಡಿ, "ಕಂಠಪೂರ್ತಿ ಇದೆ. ಆ ಎಣ್ಣೆ ಗಾಡಿ ಇರೋವರೆಗೂ ಬರುತ್ತೆ, ಮುಟ್ಟಬಾರದು," ಅನ್ನುವನು. ಗೊತ್ತಿದ್ದು ಹೇಳಿದ್ದಲ್ಲ. ಅಂಥ ಪೆಟ್ಟಿಗೆಯನ್ನು ಅವನು ಜನ್ಮದಲ್ಲಿ ಬಿಚ್ಚಿರಲಿಲ್ಲ.

ಹೋದ ವಾರ ಸೇತುವೆಯ ಏರಿನಲ್ಲಿ ಎಂಜಿನ್ ಅಬ್ಬರಿಸಿತು, ಗಾಡಿ ಮಾತ್ರ ಕದಲಲಿಲ್ಲ. ಹಿಂದಿನ ಬಸ್ಸಿನವನು ಹಾರ್ನ್ ಒತ್ತಿ ಒತ್ತಿ ಸುಸ್ತಾದ ಮೇಲೆ ಒಂದು ಜಗ್ಗು ಕೊಟ್ಟು ಹೊರಟಿತು. ಅವತ್ತು ಅವನು ಕಡ್ಡಿಯ ತುದಿಯನ್ನು ಬಿಳಿ ಬಟ್ಟೆಗೆ ಒರೆಸಿ ನೋಡಿದ. ಕೆಂಪಗಿರಬೇಕಾದ ಎಣ್ಣೆ ಹಳೇ ಕಷಾಯದ ಬಣ್ಣಕ್ಕೆ ತಿರುಗಿತ್ತು. ಮೂಗಿನ ಹತ್ತಿರ ತಂದರೆ ಸುಟ್ಟ ವಾಸನೆ. ಪೆಟ್ಟಿಗೆ ಕೈಕೊಟ್ಟರೆ ಗಾಡಿ ಮೂಲೆಗೆ, ಅಕ್ಕ ಮನೆಗೆ. ಅಕ್ಕ ಅದನ್ನೂ ನಗುತ್ತಲೇ ಹೇಳಿದ್ದಳು: "ಮನೇಲಿ ಕೂತ್ರೆ ನಮ್ಮ ಸೊಸೆ ಜೊತೆ ದಿನಕ್ಕೆ ಆರು ಧಾರಾವಾಹಿ ನೋಡಬೇಕು. ಅದಕ್ಕಿಂತ ಆ ಏರೇ ವಾಸಿ." ನಗುವಾಗ ಅವಳ ಕೈ ಸ್ಟೀರಿಂಗನ್ನು ಸವರುತ್ತಿತ್ತು. ಅದನ್ನು ನೋಡಿದ ಮೇಲೆ ಅವನಿಗೆ ಸರಿಯಾಗಿ ಊಟ ಸೇರಿರಲಿಲ್ಲ.

"ಹಳೇ ಎಣ್ಣೆ ತೆಗೀಬೇಡ ಕಿವಿ," ಎಂದ ಪಕ್ಕದ ಅಂಗಡಿಯ ಟೈರಿನವನು, ಕೈಯಲ್ಲಿ ಟ್ಯೂಬು ತೂಗಾಡಿಸಿಕೊಂಡು ಬಂದು. "ಹಳೇ ಎಣ್ಣೇಲೇ ಗೇರು ಹಿಡ್ಕೊಂಡಿರೋದು. ತೆಗೆದ್ರೆ ಪೂರ್ತಿ ಬಿಡುತ್ತೆ. ನಮ್ಮ ಷಡ್ಡಕನ ಗಾಡಿ ಹಾಗೇ ಆಯ್ತು."

"ನಿಮ್ಮ ಷಡ್ಡಕ ಗಾಡಿ ಮೋರಿಗೆ ಇಳಿಸಿದ್ದನ್ನೂ ಎಣ್ಣೆ ತಲೆಗೇ ಕಟ್ಟಿದ್ದ," ಎಂದಳು ಅಕ್ಕ. "ನೀನು ಬಿಚ್ಚೋ ಪುಟ್ಟ."

ಬಿಚ್ಚಿದ. ಪೆಟ್ಟಿಗೆಯ ತಳದ ತಟ್ಟೆಯ ಬೋಲ್ಟುಗಳನ್ನು ಮೊದಲು ಒಂದು ಕಡೆ ಮಾತ್ರ ಸಡಿಲಿಸಿದ. ತಟ್ಟೆ ಓರೆಯಾಗಿ, ಎಣ್ಣೆ ಬೆಚ್ಚಗೆ, ಸಣ್ಣ ಧಾರೆಯಾಗಿ ಬಕೆಟ್ಟಿಗೆ ಇಳಿಯಿತು. ತಟ್ಟೆಯ ಅಂಚು ಬೆವರಿದ ಹಾಗೆ ಒದ್ದೆಯಾಗಿತ್ತು. ಎಷ್ಟು ದಿನದಿಂದ ಜಿನುಗುತ್ತಿತ್ತೋ. ಒಳಗಿನ ಅಯಸ್ಕಾಂತಕ್ಕೆ ಬೂದು ಬಣ್ಣದ ಕೆಸರು ಮೆತ್ತಿತ್ತು. ಬೆರಳಲ್ಲಿ ತಿಕ್ಕಿದ. ನುಣ್ಣಗಿತ್ತು, ಲೋಹದ ಚೂರು ಒಂದೂ ಕೈಗೆ ತಾಗಲಿಲ್ಲ. ಅವನಿಗೆ ಅರ್ಧ ಜೀವ ಬಂತು. ತಟ್ಟೆ ತೊಳೆದು, ಹೊಸ ಫಿಲ್ಟರು, ಹೊಸ ಪ್ಯಾಕಿಂಗು ಕೂರಿಸಿ ಬೋಲ್ಟುಗಳನ್ನು ಎದುರುಬದುರಾಗಿ ಬಿಗಿದ.

ಇಳಿದ ಎಣ್ಣೆಯನ್ನು ಅಕ್ಕ ಲೀಟರಿನ ನೀರಿನ ಬಾಟಲಿಗಳಿಗೆ ತುಂಬಿ ಅಳೆದಳು. ಐದು ಬಾಟಲಿ ಸರಿಯಾಗಿ ತುಂಬಿದವು. ಕ್ಲಚ್ಚಿನ ಬದಲಿಗೆ ಒಳಗಿರುವ ಟಾರ್ಕ್ ಕನ್ವರ್ಟರಿನಲ್ಲಿ ಇನ್ನೂ ಅಷ್ಟೇ ಉಳಿದಿರುತ್ತದೆ, ಅದು ಹೀಗೆ ಇಳಿಯುವುದಿಲ್ಲ ಎಂದು ಎಣ್ಣೆ ಮಾರಿದವನು ಹೇಳಿದ್ದ. ಆದ್ದರಿಂದ ತೆಗೆದಷ್ಟೇ ಹಾಕಬೇಕೆಂದು ಮೆಕ್ಯಾನಿಕ್ ಲೆಕ್ಕ ಹಾಕಿಕೊಂಡಿದ್ದ. ಗುಂಡಿಯಿಂದ ಮೇಲೆ ಬಂದು, ಕಡ್ಡಿಯ ಕೊಳವೆಗೆ ಉದ್ದ ಮೂತಿಯ ಆಲಿಕೆ ಇಟ್ಟು ಐದು ಲೀಟರ್ ಹೊಸ ಎಣ್ಣೆ ಸುರಿದ. ದಾಸವಾಳದ ಕೆಂಪು. ಟೈರಿನವನೂ ಬಗ್ಗಿ ನೋಡಿದ.

ಮೆಕ್ಯಾನಿಕ್ ಕಡ್ಡಿ ಎಳೆದು ನೋಡಿದ. ಎಣ್ಣೆ ಮೇಲಿನ ಗುರುತು ದಾಟಿ ಮೂರು ಬೆರಳು ಏರಿ ಕೂತಿತ್ತು. ಒರೆಸಿ ಮತ್ತೆ ಇಳಿಸಿದ. ಅಷ್ಟೇ. ಹೆಚ್ಚಾದರೆ ಎಣ್ಣೆ ನೊರೆಯೇಳುತ್ತದೆ, ನೊರೆಯಿಂದ ಗೇರು ಹಿಡಿಯುವುದಿಲ್ಲ ಅನ್ನುವಷ್ಟು ಅವನ ಕಿವಿಗೂ ಬಿದ್ದಿತ್ತು.

"ಹೆಚ್ಚಾಯ್ತು. ಎರಡು ಲೀಟರ್ ತೆಗೀಬೇಕು."

"ಎಷ್ಟು ತೆಗೆದೆ?" ಎಂದಳು ಅಕ್ಕ.

"ಐದು."

"ಹಾಕಿದ್ದು?"

"ಐದು."

"ಮತ್ತೆ ಹೆಚ್ಚು ಎಲ್ಲಿಂದ ಬಂತು? ಒಳಗೆ ಮರಿ ಹಾಕ್ತಾ?"

ಟೈರಿನವನು ಕಿಸಕ್ಕೆಂದ. ಮೆಕ್ಯಾನಿಕ್ ಕಡ್ಡಿಯನ್ನು ಬಟ್ಟೆಯಲ್ಲಿ ಒರೆಸುತ್ತಲೇ ನಿಂತ. ಎರಡು ಲೀಟರ್ ತೆಗೆದು, ಆಯ್ತು ಹೋಗು ಎಂದು ಬಿಡಬಹುದಿತ್ತು. ಅಕ್ಕ ನಂಬಿಕೊಂಡು ಹೊರಟುಬಿಡುತ್ತಿದ್ದಳು. ಆ ಏರಿನಲ್ಲಿ ಲೋಡಿನ ಸಮೇತ ಗಾಡಿ ಹಿಂದಕ್ಕೆ ಜಾರುವುದು ಅವನ ಕಣ್ಣಿಗೆ ಕಟ್ಟಿತು.

"ಅಕ್ಕ," ಎಂದ, ದನಿ ತಗ್ಗಿಸಿ. "ನನಗೆ ಗೊತ್ತಿಲ್ಲ."

"ಏನು ಗೊತ್ತಿಲ್ಲ?"

"ಈ ಪೆಟ್ಟಿಗೆ. ಇದನ್ನ ಬಿಚ್ಚಿದ್ದು ಇವತ್ತೇ ಮೊದಲು. ಮುಟ್ಟಬಾರದು ಅಂದಿದ್ದು... ಮುಟ್ಟೋಕೆ ನನಗೆ ಬರ್ತಿರಲಿಲ್ಲ."

ಅಕ್ಕ ಅವನನ್ನೇ ನೋಡಿದಳು. ಅವಳ ಮುಖದ ನಗು ಇಳಿಯಿತು. "ನಾಲ್ಕು ವರ್ಷ?"

"ನಾಲ್ಕು ವರ್ಷ."

"ನನಗೆ ಹೇಳೋಕೆ ಏನಾಗಿತ್ತೋ? ನಿನ್ನ ಚಡ್ಡಿಗೆ ಲಾಡಿ ಕಟ್ಟಿದೋಳು ನಾನು. ನನ್ನ ಮುಂದೆ ಏನು ನಿನ್ನ ದೊಡ್ಡಸ್ತಿಕೆ?"

ಟೈರಿನವನು ತನ್ನ ಅಂಗಡಿಯಲ್ಲಿ ಯಾರೋ ಕರೆದಂತಾಯಿತು ಎಂದು ಹೊರಟುಹೋದ. ಯಾರೂ ಕರೆದಿರಲಿಲ್ಲ.

ಅಕ್ಕ ಎದ್ದು, ಕುಂಟುತ್ತ ಹೋಗಿ, ಕ್ಯಾಬಿನ್ನಿನ ಡಬ್ಬಿಯಿಂದ ಗಾಡಿಯ ಪುಸ್ತಕ ತಂದಳು. ಸುತ್ತಿದ್ದ ಪ್ಲಾಸ್ಟಿಕ್ ಕವರು ಕೂಡ ಹರಿದಿರಲಿಲ್ಲ. ಹಲ್ಲಿನಿಂದ ಕಚ್ಚಿ ಹರಿದು, ಕನ್ನಡಕ ಏರಿಸಿ, ಹಾಳೆ ಮಗುಚಿದಳು.

"ಕೇಳು. ಭಾರ ಹೊರೋ ಗಾಡಿಗೆ ಐವತ್ತು ಸಾವಿರ ಕಿಲೋಮೀಟರಿಗೊಮ್ಮೆ ಎಣ್ಣೆ ಬದಲಾಯಿಸಬೇಕು. ನಮ್ಮದು ಎಷ್ಟಾಯ್ತು?"

"ಒಂದು ಲಕ್ಷದ ಇಪ್ಪತ್ತು ಸಾವಿರ."

"ಭೇಷ್. ಗಾಡಿ ಇರೋವರೆಗೂ ಬರುತ್ತಂತೆ." ಬೆರಳು ಕೆಳಗಿಳಿಸಿದಳು. "ಮಟ್ಟ ನೋಡೋದು ಸಮ ನೆಲದ ಮೇಲೆ. ಎಣ್ಣೆ ಬಿಸಿ ಇರಬೇಕು. ಬ್ರೇಕ್ ಒತ್ತಿ ಒಂದೊಂದೇ ಗೇರಿಗೂ ಹಾಕಿ ತೆಗೆದು, ಪಾರ್ಕಿಂಗಿಗೆ ತಂದು, ಎಂಜಿನ್ ಓಡ್ತಿರುವಾಗ..." ತಲೆ ಎತ್ತಿದಳು. "ಓಡ್ತಿರುವಾಗ ನೋಡಬೇಕಂತೆ ಕಣೋ."

ಅವನು ಹಣೆಗೆ ಕೈ ಒತ್ತಿದ. ಎಂಜಿನ್ನಿನ ಎಣ್ಣೆಯನ್ನು ನಲವತ್ತು ವರ್ಷ ಹೇಗೆ ನೋಡಿದ್ದನೋ ಇದನ್ನೂ ಹಾಗೇ ನೋಡಿದ್ದ: ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ. ಆರಿಸಿದೊಡನೆ ಪೆಟ್ಟಿಗೆಯಲ್ಲಿ ಸುತ್ತಾಡುತ್ತಿದ್ದ ಎಣ್ಣೆ ತಟ್ಟೆಗೆ ಇಳಿದು ಕಡ್ಡಿಯ ಮೇಲೆ ಏರುತ್ತದೆ. ಅದನ್ನು ನೋಡಿ ಕಂಠಪೂರ್ತಿ ಅಂದಿದ್ದ.

ಅಕ್ಕ ಹತ್ತಿ ಎಂಜಿನ್ ಹಚ್ಚಿದಳು. ಕಾಲು ಗಂಟೆ ಬಿಟ್ಟು, ಬ್ರೇಕ್ ಒತ್ತಿ ಒಂದೊಂದೇ ಗೇರಿಗೆ ಹಾಕಿ ತೆಗೆದಳು. ಅವನು ಕಡ್ಡಿ ಎಳೆದ. ಎಣ್ಣೆ ಕೆಳಗಿನ ಗುರುತನ್ನೂ ಮುಟ್ಟಿರಲಿಲ್ಲ.

"ಎಷ್ಟಿದೆ?"

"ತಳದಲ್ಲಿದೆ ಅಕ್ಕ. ಯಾವತ್ತಿನಿಂದಲೋ ಕಮ್ಮಿಯೇ ಇತ್ತು. ಪಾಪ, ಅರೆಹೊಟ್ಟೇಲೇ ಏರು ಹತ್ತಿದೆ."

"ಹತ್ತಿಸಿದೋಳು ನಾನು. ನನ್ನನ್ನ ಪಾಪ ಅನ್ನು."

ಲೋಟದಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿದ. ಹಾಕುವುದು, ಒರೆಸುವುದು, ನೋಡುವುದು. ಒಂದೂವರೆ ಲೀಟರಿಗೆ ಎಣ್ಣೆ ಎರಡು ಗುರುತುಗಳ ನಡುವೆ ಬಂದು ನಿಂತಿತು. ತಿಂಗಳು ಬಿಟ್ಟು ಇನ್ನೊಮ್ಮೆ ಇಳಿಸಿದರೆ ಒಳಗೆ ಉಳಿದ ಕೊಳೆಯೂ ಬರುತ್ತದೆ ಎಂದ. "ಇದು ಗೊತ್ತಿದ್ದು ಹೇಳ್ತಿರೋದೋ?" ಎಂದಳು ಅಕ್ಕ. "ಪುಸ್ತಕ ಕೊಡು, ಮೊದಲು ಓದ್ತೀನಿ," ಎಂದ. ಅಕ್ಕನಿಗೆ ನಗು ತಡೆಯಲಾಗಲಿಲ್ಲ.

ಬೆಳಗಿನ ಲೋಡು ಇನ್ನೂ ಮೇಲಿತ್ತು. "ಹತ್ತು, ಏರಿಗೇ ಹೋಗೋಣ," ಎಂದಳು. ಅವನು ಕೈ ತೊಳೆಯದೆ ಪಕ್ಕದ ಸೀಟಿಗೆ ಹತ್ತಿ, ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡ.

ಸೇತುವೆಯ ಬುಡಕ್ಕೆ ಬಂದರು. ಹಿಂದೆ ಟೈಲ್ಸಿನ ಪೆಟ್ಟಿಗೆಗಳು ಕಿರುಗುಟ್ಟಿದವು. ಎಂಜಿನ್ ದನಿ ಏರಿತು, ಒಂದು ಉಸಿರಿನಷ್ಟು ಹೊತ್ತು ತಡೆಯಿತು, ಮೆತ್ತಗೆ ಇಳಿಯಿತು. ಗಾಡಿ ಹಿಡಿದುಕೊಂಡು ಹತ್ತತೊಡಗಿತು. ಪಕ್ಕದಲ್ಲಿ ಹೋಗುತ್ತಿದ್ದ ಸೈಕಲ್ಲಿನವನು ಹಿಂದೆ ಬಿದ್ದ. ಅಕ್ಕ ತಮ್ಮನ ಕಡೆ ಓರೆಗಣ್ಣಿನಲ್ಲಿ ನೋಡಿದಳು.

ಅವನ ಎಡಗಾಲು, ಯಾವ ಪೆಡಲೂ ಇಲ್ಲದ ನೆಲವನ್ನು, ಪ್ರತಿ ಗೇರಿಗೂ ಒಮ್ಮೆ ಮೆಲ್ಲಗೆ ಒತ್ತಿ ಬಿಡುತ್ತಿತ್ತು.