ಗ್ರಾಬೊವಾಚ್‌ನ ಸೊಸೆ ಹುಟ್ಟು ಹಿಡಿದದ್ದು

ದೋಣಿ ಸ್ಪರ್ಧೆಗೆ ಇನ್ನೆರಡೇ ದಿನ ಇರುವಾಗ ಕ್ರೂಪೆಕ್ ಹಳ್ಳಿಯ ಹೆಂಗಸರ ತಂಡದಲ್ಲಿ ಒಂದು ಜಾಗ ಖಾಲಿಯಾಯಿತು. ಕಿತ್ತಳೆ ತೋಟದ ಕಾಲುವೆ ದಾಟುವಾಗ ಮಾಂಡಾ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದಳು. ಹತ್ತು ಹುಟ್ಟಿನ ದೋಣಿ ಒಂಬತ್ತೇ ಹುಟ್ಟಿನಲ್ಲಿ ನೆರೆತ್ವಾ ನದಿಗೆ ಇಳಿಯುವ ಹಾಗಿರಲಿಲ್ಲ. ಹದಿನಾಲ್ಕು ವರ್ಷದಿಂದ ಚುಕ್ಕಾಣಿ ಹಿಡಿಯುತ್ತಿದ್ದ ಪೆರಿನಾ ಬೆಳಗ್ಗೆಯಿಂದ ಮನೆಮನೆ ತಿರುಗಿದಳು. ಒಬ್ಬಳಿಗೆ ಸೊಂಟ ನೋವು, ಇನ್ನೊಬ್ಬಳಿಗೆ ಎಂಟು ತಿಂಗಳು. ಕೊನೆಗೆ ತಾನಾಗಿಯೇ ಬಂದು ನಿಂತವಳು ತಿಹಾನಾ.

ತಿಹಾನಾ ಆ ಊರಿಗೆ ಸೊಸೆಯಾಗಿ ಬಂದು ವರ್ಷವೂ ತುಂಬಿರಲಿಲ್ಲ. ತೋಳು ಗಟ್ಟಿ, ಮಾತು ಕಡಿಮೆ. ಆದರೆ ತವರು ಗ್ರಾಬೊವಾಚ್, ನದಿಯ ಮೇಲಿನ ಕಲ್ಲುಬೆಟ್ಟದ ಹಳ್ಳಿ. ಆ ಹೆಸರು ಕೇಳಿದರೆ ಪೆರಿನಾಳಿಗೆ ಮೈಯೆಲ್ಲ ಉರಿಯುತ್ತಿತ್ತು. ಹೋದ ವರ್ಷ ಜನ ಸಾಲದೆ ಗ್ರಾಬೊವಾಚ್‌ನ ಇಬ್ಬರನ್ನು ಕರೆತಂದಿದ್ದಳು. ದೊಡ್ಡ ತಿರುವಿನಲ್ಲಿ ಏನೋ ಮಾತಿಗೆ ಮಾತು ಬೆಳೆದು ಇಬ್ಬರೂ ಹುಟ್ಟು ಬಿಸಾಡಿ, ನೀರಿಗೆ ಹಾರಿ, ಈಜಿಕೊಂಡು ದಡ ಸೇರಿಬಿಟ್ಟರು. ದೋಣಿ ಕಟ್ಟಕಡೆಗೆ ಬಂತು. ಅಂದಿನಿಂದ ಪೆರಿನಾ ಬ್ರೆಡ್ ತರಲು ಹೋದರೂ, ಈ ಸಲ ಎಷ್ಟು ಜನ ಹೊರಟು ಎಷ್ಟು ಜನ ತಲುಪುತ್ತೀರಿ ಎಂದು ಕೇಳುವವರೇ.

"ಗ್ರಾಬೊವಾಚ್‌ನವಳಾ? ಆ ಜಾಗದಲ್ಲಿ ಹಿಟ್ಟಿನ ಮೂಟೆ ಕೂರಿಸ್ತೀನಿ. ಮೂಟೆ ಅರ್ಧ ದಾರೀಲಿ ಓಡಿಹೋಗಲ್ಲ," ಎಂದಳು ಪೆರಿನಾ, ಅವಳ ಮುಖಕ್ಕೇ.

"ಮೂಟೆ ಹುಟ್ಟೂ ಹಾಕಲ್ಲ, ಪೆರಿನಕ್ಕ," ಎಂದಳು ತಿಹಾನಾ.

ಡೋಲು ಬಾರಿಸುವ ಲುತ್ಸೆ ನಕ್ಕುಬಿಟ್ಟಳು. ಊರಿಗೆಲ್ಲ ಅಂಚೆ ಹಂಚುವ ಲುತ್ಸೆ ನಕ್ಕ ಮೇಲೆ ಊರೇ ನಕ್ಕ ಹಾಗೆ. ಬೇರೆ ದಾರಿಯೂ ಇರಲಿಲ್ಲ. ಪೆರಿನಾ ಅವಳನ್ನು ಎಲ್ಲರಿಗಿಂತ ಹಿಂದೆ, ತನ್ನ ಕಾಲ ಬುಡದಲ್ಲೇ ಕೂರಿಸಿದಳು. ಓಡುವುದಾದರೆ ನನ್ನ ಕಣ್ಣೆದುರೇ ಓಡಲಿ ಎಂದು ಎಲ್ಲರಿಗೂ ಹೇಳಿದಳು.

ಶನಿವಾರ ಮಧ್ಯಾಹ್ನ ಸೇತುವೆಯ ಮೇಲೆ ಕಾಲಿಡಲು ಜಾಗವಿರಲಿಲ್ಲ. ದಡದುದ್ದಕ್ಕೂ ಕಾರುಗಳ ಹಾರನ್ನು, ಬಾವುಟ, ಹುರಿದ ಮೀನಿನ ಹೊಗೆ. ಹನ್ನೊಂದು ದೋಣಿಗಳು ಸಾಲಾಗಿ ನಿಂತಿದ್ದವು. ಗುಂಡು ಹಾರಿದ್ದೇ ತಡ, ನದಿ ಕೊತಕೊತ ಕುದಿದ ಹಾಗಾಯಿತು. ಹನ್ನೊಂದು ಡೋಲುಗಳ ಸದ್ದು ಒಂದರ ಮೇಲೊಂದು ಬಿತ್ತು. ಮೊದಲ ಹೊಡೆತದಲ್ಲೇ ಬ್ಲಾತಿನ ಹಳ್ಳಿಯವರ ದೋಣಿ ಪಕ್ಕಕ್ಕೆ ಬಂದು ಇವರ ಹಿಂಬದಿಗೆ ಢಣ್ ಎಂದು ಗುದ್ದಿತು. ಪೆರಿನಾ ಅವರ ಏಳು ತಲೆಮಾರನ್ನು ನೆನೆಸಿಕೊಂಡು ಬೈದು, ಚುಕ್ಕಾಣಿ ಒತ್ತಿ, ದೋಣಿಯನ್ನು ನಡುನೀರಿಗೆ ತಂದಳು.

ಮತ್ತೆ ಆದದ್ದನ್ನು ಅವಳೇ ನಂಬಲಿಲ್ಲ. ಹತ್ತು ಬೆನ್ನುಗಳು ಒಂದೇ ಸಲ ಬಾಗಿ ಒಂದೇ ಸಲ ಏಳುತ್ತಿದ್ದವು. ಎಂಟನೆಯ ದೋಣಿ ಹಿಂದೆ ಬಿತ್ತು. ಆರನೆಯದು ಬಿತ್ತು. ಜೊಂಡಿನ ದಿಬ್ಬ ದಾಟುವಷ್ಟರಲ್ಲಿ ಮುಂದೆ ಉಳಿದದ್ದು ಮೂರೇ. ದಡದ ಮೇಲೆ ಕ್ರೂಪೆಕ್‌ನ ಗಂಡಸರು ಮೋಪೆಡ್‌ಗಳಲ್ಲಿ ಜೊತೆಜೊತೆಗೇ ಓಡಿಸುತ್ತ ಬರುತ್ತಿದ್ದರು.

ದೊಡ್ಡ ತಿರುವು ಬಂತು. ಅಲ್ಲೇ, ಸರಿಯಾಗಿ ಅಲ್ಲೇ, ತಿಹಾನಾಳ ಹುಟ್ಟು ನಿಂತಿತು. ಅವಳು ಅದನ್ನು ಮಡಿಲಿಗೆಳೆದುಕೊಂಡು, ಮುಂದಕ್ಕೆ ಬಾಗಿ, ಬೆಟ್ಟದ ಮಾತಿನಲ್ಲಿ ಏನೋ ಕೂಗಿದಳು. ಡೋಲಿನ ಸದ್ದಿಗೆ ಪೆರಿನಾಳಿಗೆ ಒಂದೂ ಕೇಳಲಿಲ್ಲ.

"ನೋಡಿ, ನೋಡಿ ನಿಮ್ಮ ಗ್ರಾಬೊವಾಚ್!" ಎಂದು ಅವಳು ಗಂಟಲು ಹರಿಯುವಂತೆ ಅರಚಿದಳು. "ರಕ್ತದಲ್ಲೇ ಬಂದಿದೆ ಇವರಿಗೆ. ಹಾರು, ಹಾರೇ, ನಿಮ್ಮವರು ಹಾರಿದ ಜಾಗ ಇದೇ."

ತಿಹಾನಾ ಹಾರಲಿಲ್ಲ. ತಲೆಗೆ ಕಟ್ಟಿದ್ದ ವಸ್ತ್ರವನ್ನು ಕಿತ್ತು, ಉಂಡೆ ಮಾಡಿ, ಕಾಲ ಬಳಿ ತುರುಕುತ್ತಿದ್ದಳು. ಪೆರಿನಾ ಬಗ್ಗಿ ನೋಡಿದಳು. ಗುದ್ದು ಬಿದ್ದ ಕಡೆ ಎರಡು ಹಲಗೆಗಳ ಸಂದಿ ಬಿಟ್ಟುಕೊಂಡು ನೀರು ಬುಗ್ಗೆಯಂತೆ ಏಳುತ್ತಿತ್ತು. ತಿಹಾನಾಳ ಹಿಮ್ಮಡಿಯವರೆಗೆ ಆಗಲೇ ನೀರು ನಿಂತಿತ್ತು. ಅವಳು ವಸ್ತ್ರದ ಮೇಲೆ ಬಲಗಾಲನ್ನು ಊರಿ, ಒತ್ತಿ ಹಿಡಿದು, ಹುಟ್ಟನ್ನು ಮತ್ತೆ ನೀರಿಗಿಳಿಸಿದಳು. ಎಲ್ಲ ಸೇರಿ ಹತ್ತು ಹೊಡೆತದಷ್ಟು ಹೊತ್ತೂ ಆಗಿರಲಿಲ್ಲ.

ನಾಚಿಕೆಪಡಲು ಪುರುಸೊತ್ತಿರಲಿಲ್ಲ. ಡೋಲು ಬಿಟ್ಟು ಟೋಪಿಯಲ್ಲಿ ನೀರು ಮೊಗೆಯುವಂತೆ ಪೆರಿನಾ ಲುತ್ಸೆಗೆ ಕೂಗಿ ಹೇಳಿದಳು. ತಾಳ ಯಾರು ಹಾಕುತ್ತಾರೆಂದು ಲುತ್ಸೆ ಕೇಳುವಷ್ಟರಲ್ಲಿ ಪೆರಿನಾಳೇ ಹಾಕತೊಡಗಿದ್ದಳು: "ಎಳೆ! ಎಳೆ! ಎಳೆ!" ಲುತ್ಸೆ ದೋಣಿಯ ಉದ್ದಕ್ಕೂ ತೆವಳಿಕೊಂಡು ಬಂದು ಟೋಪಿಗಟ್ಟಲೆ ನೀರನ್ನು ಹೊರಗೆ ಚೆಲ್ಲಿದಳು. ಅದರಲ್ಲಿ ಅರ್ಧ ಪೆರಿನಾಳ ಮೈಮೇಲೆ ಬಿತ್ತು. ಭಾರವಾದ ದೋಣಿ ಹಿಂದೆ ಬೀಳಬೇಕಿತ್ತು, ಬೀಳಲಿಲ್ಲ. ಮೂರನೆಯದನ್ನು ಹಿಡಿದರು. ದಾಟಿದರು. ಕೊನೆಯ ಇನ್ನೂರು ಅಡಿಯಲ್ಲಿ ಬ್ಲಾತಿನದವರ ಪಕ್ಕಕ್ಕೆ ಬಂದರು. ಎರಡು ದೋಣಿಗಳ ಹುಟ್ಟುಗಳು ಒಂದಕ್ಕೊಂದು ತಾಗುವಷ್ಟು ಹತ್ತಿರ, ದಡದಲ್ಲಿ ಮುದುಕಿಯರೂ ಕುಣಿಯುತ್ತಿದ್ದರು. ಒಂದು ತೋಳಿನಷ್ಟು ಮುಂದಾಗಿ ಎರಡನೆಯವರಾಗಿ ಗುರಿ ಮುಟ್ಟಿದಾಗ ಪೆರಿನಾಳ ಗಂಟಲಿನಿಂದ ದನಿಯೇ ಹೊರಡಲಿಲ್ಲ. ಹನ್ನೊಂದು ವರ್ಷದಲ್ಲಿ ಕ್ರೂಪೆಕ್ ಐದನೆಯ ಸ್ಥಾನಕ್ಕಿಂತ ಮೇಲೆ ಬಂದದ್ದೇ ಇರಲಿಲ್ಲ.

ಸಂಜೆ ದಡದಲ್ಲಿ ಉದ್ದ ಮೇಜುಗಳನ್ನು ಹಾಕಿದರು. ಹಾವುಮೀನಿನ ಖಾರದ ಸಾರು, ಮೆಕ್ಕೆಜೋಳದ ಮುದ್ದೆ, ವೈನು. ಎಲ್ಲರೂ ಒಂದೇ ಸಲ ಮಾತಾಡುತ್ತಿದ್ದರು. ಪೆರಿನಾ ತಿಹಾನಾಳ ತಟ್ಟೆಗೆ ದೊಡ್ಡ ತುಂಡನ್ನೇ ಹಾಕಿ, ಬೆನ್ನು ತಟ್ಟಿ, ಒಡೆದ ಗಂಟಲಿನಲ್ಲಿ ಹೇಳಿದಳು: "ನೀನು ಆ ಗ್ರಾಬೊವಾಚ್‌ನವರ ಹಾಗಲ್ಲ ಕಣೇ. ಇನ್ನು ನೀನು ನಮ್ಮವಳು."

ತಿಹಾನಾ ಚಮಚ ಕೆಳಗಿಟ್ಟಳು.

"ನಾನು ಗ್ರಾಬೊವಾಚ್‌ನವಳೇ, ಪೆರಿನಕ್ಕ. ಹೋದ ವರ್ಷ ಹಾರಿದವರಲ್ಲಿ ಒಬ್ಬಳು ನನ್ನ ಚಿಕ್ಕಪ್ಪನ ಮಗಳು ಸ್ತಾನಾ. ಮಾಡಿದ್ದು ತಪ್ಪು ಅಂತ ಅವತ್ತೇ ಅವಳಿಗೆ ಹೇಳಿದೀನಿ. ಅದು ಸ್ತಾನಾ ಮಾಡಿದ್ದು, ಸ್ತಾನಾನ್ನೇ ಕೇಳಿ. ನಂದು ನನ್ನನ್ನ ಕೇಳಿ. ಇವತ್ತು ಬೈಯೋವಾಗ ನಮ್ಮೂರಿಗೆ ಸೇರಿಸಿ, ಈಗ ಹೊಗಳೋವಾಗ ಊರಿಂದ ಹೊರಗೆ ಹಾಕ್ತೀರಲ್ಲ."

ಪೆರಿನಾಳಿಗೆ ಮೊದಲು ಸಿಟ್ಟು ಬಂತು. ಬಾಯಿಗೆ ಬಂದ ಮಾತನ್ನು ಒಂದು ಗುಟುಕು ವೈನಿನ ಜೊತೆ ನುಂಗಿದಳು. ಬಾಗಿದ ಆ ಬೆನ್ನಿಗೆ ತಾನು ಏನೇನು ಅಂದಿದ್ದೆನೆಂದು ನೆನಪಾಗಿ ಕಿವಿ ಬಿಸಿಯಾಯಿತು. ಆಮೇಲೆ ಅವಳು ಬೆಂಚಿನ ಮೇಲೆ ಹತ್ತಿ ನಿಂತಳು. ಇದ್ದಬದ್ದ ದನಿಯಲ್ಲಿ ತಂಡದವರನ್ನೆಲ್ಲ ಕರೆದಳು.

"ದೋಣೀಲಿ ಈ ಹುಡುಗಿಗೆ ನಾನು ಅಂದದ್ದನ್ನ ನೀವೆಲ್ಲ ಕೇಳಿದೀರಿ. ಅದು ಸುಳ್ಳು. ನಿಮ್ಮೆದುರಿಗೆ ಅಂದೆ, ನಿಮ್ಮೆದುರಿಗೇ ವಾಪಸ್ ತಗೋತೀನಿ. ತಪ್ಪಾಯ್ತು, ತಿಹಾನಾ."

ಹೇಳಿದ್ದೇನೂ ಕೇಳಿಸಲಿಲ್ಲವೆಂದು ದೂರದಲ್ಲಿದ್ದವರು ಕೂಗಿದರು. ಅವಳಿಗೆ ದನಿ ಉಳಿದಿರಲಿಲ್ಲ. ಲುತ್ಸೆ ಎದ್ದು ಅದೇ ಮಾತನ್ನು ಅಂಚೆ ಹಂಚುವ ಗಂಟಲಿನಲ್ಲಿ ಮೇಜಿನ ಆ ತುದಿಯವರೆಗೆ ಸಾರಿದಳು, ಒಂದಕ್ಷರ ಬಿಡದೆ. ಪೆರಿನಾ ಮುಖ ಕೆಂಪಾಗಿಸಿಕೊಂಡು ಅಲ್ಲಿಯವರೆಗೂ ನಿಂತೇ ಇದ್ದಳು. ತಿಹಾನಾ ನಗುತ್ತ ಕೈಕೊಟ್ಟು ಅವಳನ್ನು ಕೆಳಗಿಳಿಸಿದಳು. ಆಮೇಲೆ, ಮುಂದಿನ ವರ್ಷ ಮೊದಲನೆಯವರಾಗಬೇಕಾದರೆ ಬೆಟ್ಟದ ಇನ್ನೂ ಇಬ್ಬರು ಬೇಕು, ಅವರಲ್ಲಿ ಒಬ್ಬಳ ಹೆಸರು ಕೇಳಿದರೆ ಅಕ್ಕ ಮತ್ತೆ, ಈ ಸಲ ಬೈಯಲು, ಬೆಂಚು ಹತ್ತಿಬಿಟ್ಟಾರು ಎಂದಳು.