ಹೆಂಗಸರ ವಾರ್ಡಿನ ಕೋಳಿಸಾರು

ಕೋಳಿಯ ಮೂಟೆ ಬಿಚ್ಚುತ್ತಿದ್ದಂತೆ ಮಿರ್ನಾ ಮುಖ ಆಚೆ ತಿರುಗಿಸಿದಳು. ಮಾಂಸವೆಲ್ಲ ಲೋಳೆಗಟ್ಟಿತ್ತು, ರೆಕ್ಕೆಯ ಸಂದಿಯಲ್ಲಿ ಹಸಿರುಗಟ್ಟಿತ್ತು.

"ವಿನೆಗರಲ್ಲಿ ಎರಡು ಸಲ ತೊಳಿ. ಜೀರಿಗೆ ಒಂದು ಹಿಡಿ ಜಾಸ್ತಿ ಹಾಕು. ಯಾರಿಗೂ ಗೊತ್ತಾಗಲ್ಲ," ಎಂದ ಉಗ್ರಾಣದ ಮೇಲ್ವಿಚಾರಕ ದೋನ್ ಅರ್ಸೆನಿಯೊ, ತಣ್ಣನೆಯ ಎಲೆಪಾನೀಯ ತೆರೆರೆ ಹೀರುತ್ತ. ಒಳ್ಳೆಯ ಕೋಳಿ ಬೆಳಿಗ್ಗೆಯೇ ಅವನ ಭಾವಮೈದುನನ ಹೋಟೆಲು ಸೇರಿತ್ತು. ಆಸ್ಪತ್ರೆಯ ಅಡುಗೆಮನೆಯಲ್ಲಿ ಅದು ಎಲ್ಲರಿಗೂ ಗೊತ್ತಿದ್ದ ಗುಟ್ಟು.

ಅಡುಗೆಯವಳಾಗಿ ಮಿರ್ನಾಳದು ಹದಿನೆಂಟು ವರ್ಷದ ಸರ್ಕಾರಿ ನೌಕರಿ. ಇನ್ನೆರಡು ವರ್ಷ ಕಳೆದರೆ ಪಿಂಚಣಿ. ಇತ್ತ ತೀರಿಹೋದ ತಮ್ಮನ ಹೆಂಡತಿ ಒಬ್ದುಲಿಯಾ ರಾಜಧಾನಿ ಅಸುನ್ಸಿಯೋನ್‌ಗೆ ಹೋಗುವ ಹೆದ್ದಾರಿಯ ಪಕ್ಕ ಮಣ್ಣಿನ ಒಲೆ ಹಾಕಿಸಿದ್ದಳು. ಮರಗೆಣಸಿನ ಹಿಟ್ಟಿಗೆ ಚೀಸು ಕಲಸಿ, ಬಳೆಯಂಥ ಚಿಪಾ ಸುಟ್ಟು ಬಸ್ಸಿನವರಿಗೆ ಮಾರುವುದು ಅವಳ ಲೆಕ್ಕಾಚಾರ.

"ಅತ್ತಿಗೆ, ಒಬ್ಬಳ ಕೈಲಾಗಲ್ಲ. ಶನಿವಾರದೊಳಗೆ ಹೇಳಿ, ಇಲ್ದಿದ್ರೆ ಬೇರೆಯವರನ್ನ ಸೇರಿಸ್ಕೋತೀನಿ. ಅಲ್ಲಾ, ಇನ್ನೂ ಎಷ್ಟು ದಿನ ಮೂಗು ಮುಚ್ಕೊಂಡು ಬದುಕ್ತೀರಿ?"

"ಪಿಂಚಣಿ ನಿಮ್ಮಪ್ಪ ಕೊಡ್ತಾನೇನೇ?" ಎಂದು ಮಿರ್ನಾ ರೇಗಿದ್ದಳು.

ಅವತ್ತೂ ತೊಳೆದಳು. ಬೆರಳ ಸಂದಿಯಲ್ಲಿ ಜಾರಿದ ಚರ್ಮ ಉಗುರಿಗೆ ಅಂಟಿಕೊಂಡಿತು. ಅರ್ಧವನ್ನು ರಾತ್ರಿಯೂಟಕ್ಕೆಂದು ಎತ್ತಿಟ್ಟು, ಇನ್ನರ್ಧ ಬೇಯಿಸಿ ವಾರ್ಡುಗಳಿಗೆ ಕಳಿಸಿದಳು.

ಮಧ್ಯಾಹ್ನ ಎಂಜಲು ತಟ್ಟೆ ಹೊತ್ತು ಬಂದ ಆಯಾ ನಗುತ್ತ ಹೇಳಿದಳು: "ಹೆಂಗಸರ ವಾರ್ಡಿನ ಅಜ್ಜಿ ತಟ್ಟೆ ನೆಕ್ಕಿಬಿಟ್ರು ಕಣಕ್ಕಾ! ಅಡುಗೆಯವಳ ಹೊಟ್ಟೆ ತಣ್ಣಗಿರಲಿ ಅಂದ್ರು."

ಮಿರ್ನಾ ಮೋರಿಗೆ ಓಡಿ ವಾಂತಿ ಮಾಡಿಕೊಂಡಳು. ಬಾಯಿ ಒರೆಸಿಕೊಂಡು ಬಂದವಳೇ, ಉಳಿದ ಕೋಳಿಯ ಮೇಲೆ ಪಾತ್ರೆ ತೊಳೆಯುವ ಸೋಪಿನಪುಡಿಯನ್ನು ಡಬ್ಬಿಯೇ ಬೋರಲು ಮಾಡಿ ಸುರಿದಳು.

ಅರ್ಸೆನಿಯೊ ಬೈಯುತ್ತಾನೆಂದುಕೊಂಡಿದ್ದಳು. ಅವನು ನಕ್ಕ. ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟ. ಬೆವೆತ ಅಂಗೈ ಅಂಗಿಯ ಮೇಲಿಂದಲೇ ತಾಕಿತು.

"ಸಿಟ್ಟು ಬಂತಾ? ಬರ್ಲಿ ಬಿಡು. ಮುಂದಿನ ತಿಂಗಳಿಂದ ನಿನ್ನನ್ನೇ ಹಿರಿಯ ಅಡುಗೆಯವಳನ್ನಾಗಿ ಮಾಡಿಸ್ತೀನಿ. ಇಷ್ಟು ವರ್ಷ ಬಾಯಿಬಿಡದೆ ತೊಳೆದವಳಲ್ವಾ ನೀನು? ನೀನೂ ನಾನೂ ಒಂದೇ ಜಾತಿ."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದೇ ಅವಳಿಗೆ ಹೇಸಿಗೆಯಾದದ್ದು. ಅವನ ಕೈ ತೆಗೆದುಹಾಕಿ, ಏಪ್ರನ್ ಬಿಚ್ಚಿ ಸೋಪಿನ ಕೋಳಿಯ ಮೇಲೆಸೆದು, ಕಚೇರಿಗೆ ಹೋಗಿ ರಾಜೀನಾಮೆ ಬರೆದುಕೊಟ್ಟಳು. ಕೋಳಿಯ ವಿಷಯವನ್ನೂ ಅದರಲ್ಲೇ ಬರೆದಳು. ಗುಮಾಸ್ತ ಓದಿ, ಕಡತದೊಳಗೆ ಸೇರಿಸಿ ಪಕ್ಕಕ್ಕಿಟ್ಟ.

ಒಬ್ದುಲಿಯಾಳ ಜೊತೆ ಸೇರಿದ ಮೊದಲ ವಾರ ಚಿಪಾ ಸೀದುಹೋಯಿತು. ಮಳೆ ಹಿಡಿದ ದಿನ ಬಸ್ಸುಗಳು ನಿಲ್ಲಲೇ ಇಲ್ಲ. ಮೂರು ತಿಂಗಳಾದರೂ ಮೊದಲಿನ ಸಂಬಳದ ಅರ್ಧವೂ ಕೈಗೆ ಬರುತ್ತಿರಲಿಲ್ಲ. ಆದರೂ ಬೆಳಗಿನ ಮೊದಲ ಒಬ್ಬೆಯಿಂದ ಒಂದು ಚಿಪಾ ತಾನೇ ಮುರಿದು ತಿನ್ನುತ್ತಿದ್ದಳು.

ಒಂದು ದಿನ ಅದೇ ಆಯಾ ಬಸ್ಸಿಳಿದು ಬಂದು ಎರಡು ಚಿಪಾ ಕೊಂಡಳು. "ಈಗ ಅಲ್ಲಿ ಹೊಸಬಳು ಬಂದಿದಾಳೆ ಕಣಕ್ಕಾ, ಪಾಪದವಳು," ಎಂದಳು.

ಅವಳೂ ಅದೇ ಕೊಳೆತ ಕೋಳಿ ತೊಳೆಯುತ್ತಿದ್ದಾಳೆಯೇ ಎಂದು ಮಿರ್ನಾ ಕೇಳಲಿಲ್ಲ. ಬಿಸಿ ಚಿಪಾ ಕಾಗದದಲ್ಲಿ ಸುತ್ತಿಕೊಟ್ಟು, ಬಸ್ಸು ಮರೆಯಾಗುವವರೆಗೂ ತಲೆ ತಗ್ಗಿಸಿಯೇ ನಿಂತಳು.